ವಾರ್ಸಾ ನಗರದ ಪಿಯಾನೋ ಸ್ಪರ್ಧೆ

ಸಂಗೀತವನ್ನು ತಕ್ಕಡಿಯಲ್ಲಿಟ್ಟು ತೂಗಬಹುದೇ ಎಂಬ ಪ್ರಶ್ನೆಯು ಹೊಸದಲ್ಲ. ತಂಜಾವೂರಿನ ಆಸ್ಥಾನಕ್ಕೆ ಬಿರುದು ಬಾವಲಿಗಳೊಡನೆ ಬಂದು ಸವಾಲೊಡ್ಡಿದ ಬೊಬ್ಬಿಲಿ ಕೇಶವಯ್ಯನನ್ನು ಶ್ಯಾಮಾಶಾಸ್ತ್ರಿಗಳು ತಾಳಪ್ರೌಢಿಮೆಯಿಂದ ಜಯಿಸಿದರೆಂಬ ಐತಿಹ್ಯವನ್ನು ನಮ್ಮಲ್ಲಿ ಕೇಳದವರು ವಿರಳ. ಆದರೆ ಆ ಸಭೆಯಲ್ಲಿ ತೀರ್ಪುಗಾರರು ಅಂಕಗಳನ್ನು ಬರೆದುಕೊಳ್ಳುತ್ತಿರಲಿಲ್ಲ. ಸೋತವನು ತಾನು ಸೋತೆನೆಂಬುದನ್ನು ತಾನೇ ಅರಿತನೆಂದು ಕಥೆ ಹೇಳುವುದು. ಐರೋಪ್ಯರು ಈ ಕಾರ್ಯವನ್ನು ಬೇರೊಂದು ಬಗೆಯಿಂದ ನಡೆಯಿಸುತ್ತಾರೆ. ಅವರಲ್ಲಿ ತರುಣ ವಾದಕರಿಗಾಗಿ ಏರ್ಪಟ್ಟಿರುವ ಅಂತರರಾಷ್ಟ್ರೀಯ ಸ್ಪರ್ಧೆಗಳು ಅನೇಕವಾಗಿವೆ. ಅವುಗಳಲ್ಲಿ ವಯಸ್ಸಿನಿಂದಲೂ ಪ್ರತಿಷ್ಠೆಯಿಂದಲೂ, ನಮಗೆ ಮುಖ್ಯವಾಗಿ ತೋರುವಂತೆ ಒಂದು ಜನಾಂಗದ ಜೀವಕ್ಕೆ ಅಂಟಿಕೊಂಡಿರುವ ಬಗೆಯಿಂದಲೂ, ಪೋಲೆಂಡು ದೇಶದ ರಾಜಧಾನಿಯಾದ ವಾರ್ಸಾದಲ್ಲಿ ಐದು ವರ್ಷಕ್ಕೊಮ್ಮೆ ಜರುಗುವ ಶೋಪಾನ್ ಪಿಯಾನೋ ಸ್ಪರ್ಧೆಯು ವಿಶಿಷ್ಟವಾದುದು. ಅದರ ಹತ್ತೊಂಬತ್ತನೆಯ ಅಧಿವೇಶನವು ೨೦೨೫ನೆಯ ಇಸವಿಯ ಅಕ್ಟೋಬರಿನಲ್ಲಿ ನಡೆದು, ಅಮೆರಿಕದ ಎರಿಕ್ ಲೂ ಎಂಬ ತರುಣನು ಪ್ರಥಮ ಬಹುಮಾನವನ್ನೂ ಅರವತ್ತು ಸಾವಿರ ಯೂರೋ ಹಣವನ್ನೂ ಪಡೆದನು. ಈ ವಾರ್ತೆಯನ್ನು ನಮ್ಮ ವಾಚಕರಲ್ಲಿ ಕೆಲವರು ಓದಿರಬಹುದು. ಆದರೆ ಅದರ ಹಿಂದಿರುವ ನೂರು ವರ್ಷಗಳ ಕಥೆಯು ಆ ಒಂದು ವಾರ್ತೆಗಿಂತ ಸ್ವಾರಸ್ಯವಾದುದೆಂದು ನಾವು ಭಾವಿಸುತ್ತೇವೆ.

ಮೊದಲು ಶೋಪಾನನು ಯಾರೆಂಬುದನ್ನು ಹೇಳಬೇಕು. ಫ್ರಾನ್ಸಿನಿಂದ ಬಂದು ನೆಲೆಸಿದ್ದ ತಂದೆಗೂ ಪೋಲಿಷ್ ತಾಯಿಗೂ ೧೮೧೦ರಲ್ಲಿ ವಾರ್ಸಾದ ಸಮೀಪದ ಒಂದು ಹಳ್ಳಿಯಲ್ಲಿ ಜನಿಸಿದ ಈತನು ಹುಟ್ಟುವ ವೇಳೆಗೆ ಪೋಲೆಂಡು ಎಂಬ ರಾಜ್ಯವೇ ಭೂಪಟದಲ್ಲಿರಲಿಲ್ಲ. ೧೭೯೫ರಲ್ಲಿ ರಷ್ಯ, ಪ್ರಷ್ಯ, ಆಸ್ಟ್ರಿಯಗಳೆಂಬ ಮೂರು ನೆರೆಯ ಸಾಮ್ರಾಜ್ಯಗಳು ಅದನ್ನು ಹಂಚಿಕೊಂಡು ಮುಗಿಸಿದ್ದುವು. ಇಪ್ಪತ್ತು ವರ್ಷದ ಶೋಪಾನನು ೧೮೩೦ರ ನವೆಂಬರಿನಲ್ಲಿ ಸಂಗೀತಯಾತ್ರೆಗೆಂದು ವಾರ್ಸಾವನ್ನು ಬಿಟ್ಟ ಕೆಲವು ವಾರಗಳಲ್ಲಿಯೇ ಅಲ್ಲಿ ರಷ್ಯನರ ವಿರುದ್ಧ ದಂಗೆಯೆದ್ದಿತು, ದಂಗೆಯು ಅಡಗಿಸಲ್ಪಟ್ಟಿತು, ಶೋಪಾನನು ಮತ್ತೆ ತಾಯ್ನೆಲವನ್ನು ಕಾಣಲೇ ಇಲ್ಲ. ೧೮೪೯ರ ಅಕ್ಟೋಬರ್ ೧೭ರಂದು ಪ್ಯಾರಿಸಿನಲ್ಲಿ ಕ್ಷಯರೋಗಿಯಾಗಿ ತೀರಿಕೊಂಡನು. ದೇಹವನ್ನು ಅಲ್ಲಿಯೇ ಮಣ್ಣು ಮಾಡಿದರೂ ಅವನ ಹೃದಯವನ್ನು ಅಕ್ಕನಾದ ಲುದ್ವಿಕಳು ಒಂದು ಪಾತ್ರೆಯಲ್ಲಿಟ್ಟು ಗುಟ್ಟಾಗಿ ವಾರ್ಸಾಕ್ಕೆ ತಂದಳು. ಅದು ಅಲ್ಲಿನ ಪವಿತ್ರ ಶಿಲುಬೆಯ ದೇವಾಲಯದ ಒಂದು ಕಂಬದಲ್ಲಿ ಈಗಲೂ ಇದೆ.

ರಾಜ್ಯವಿಲ್ಲದ ಜನಕ್ಕೆ ಭಾಷೆಯೂ ಹಾಡೂ ರಾಜ್ಯವಾಗುವುವು. ಶೋಪಾನನ ರಚನೆಗಳಲ್ಲಿ ಮಜೂರ್ಕ ಎಂಬುದೊಂದು ಜಾತಿ. ಪೋಲಿಷ್ ಬಯಲುಸೀಮೆಯ ಒಕ್ಕಲುಮಕ್ಕಳ ಕುಣಿತದಿಂದ ಹುಟ್ಟಿದುದು. ಮೂರು ಎಣಿಕೆಯ ಲಯ. ಆದರೆ ಒತ್ತು ಮೊದಲನೆಯ ಪೆಟ್ಟಿನ ಮೇಲೆ ಬೀಳುವ ಬದಲು ಎರಡನೆಯದರ ಮೇಲೋ ಮೂರನೆಯದರ ಮೇಲೋ ಬೀಳುವುದು. ಇದನ್ನು ಬರೆದು ತೋರಿಸಬಹುದಾದರೂ ಬರೆದಂತೆಯೇ ನುಡಿಸಿದರೆ ಅದು ಮಜೂರ್ಕವಾಗುವುದಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಎಡಗೈಯು ತಾಳವನ್ನು ಬಿಡದೆ ಹಿಡಿದಿರಬೇಕು, ಬಲಗೈಯು ಮಾತ್ರ ಹಾಡುವವನಂತೆ ತಡೆದು ಮುಂಬರಿದು ಸ್ವೇಚ್ಛೆಯಾಗಿ ನಡೆಯಬಹುದು ಎಂದು ಶೋಪಾನನು ಕಲಿಸುತ್ತಿದ್ದುದಾಗಿ ಅವನ ಶಿಷ್ಯರು ಬರೆದಿಟ್ಟಿದ್ದಾರೆ. ತಾಳವನ್ನು ಕೈಯಲ್ಲಿ ಹಾಕುತ್ತ ಕಂಠದಲ್ಲಿ ಅದರೊಡನೆ ಆಟವಾಡುವ ನಮ್ಮ ಗಾಯಕರಿಗೆ ಈ ಮಾತು ಅಪರಿಚಿತವಾಗಿ ತೋರದು. ಪಿಯಾನೋ ವಾದ್ಯದ ತೊಡಕು ಇನ್ನೊಂದು ಬಗೆಯದು. ಅದರ ತಂತಿಯನ್ನು ಸುತ್ತಿಗೆಯು ಬಡಿಯುವುದು. ಬಡಿದ ಕ್ಷಣದಿಂದಲೇ ನಾದವು ಸಾಯತೊಡಗುವುದು. ವೀಣೆಯಲ್ಲಿ ತಂತಿಯನ್ನು ಎಳೆದು ಗಮಕವನ್ನು ತರುವಂತೆ ಅದರಲ್ಲಿ ಸ್ವರವನ್ನು ಬಾಗಿಸುವಂತಿಲ್ಲ. ಆ ಸಾಯುವ ನಾದಗಳನ್ನು ಒಂದಕ್ಕೊಂದು ಪೋಣಿಸಿ ಕಂಠಗಾನದ ಭ್ರಮೆಯನ್ನುಂಟುಮಾಡುವುದೇ ಅಲ್ಲಿನ ವಿದ್ಯೆ. ಆ ವಿದ್ಯೆಯಲ್ಲಿ ಶೋಪಾನನನ್ನು ಮೀರಿದವರಿಲ್ಲ.

೧೯೧೮ರಲ್ಲಿ ಪೋಲೆಂಡು ಮರಳಿ ಸ್ವತಂತ್ರವಾಯಿತು. ಮರುವರ್ಷವೇ ಅದರ ಪ್ರಧಾನಮಂತ್ರಿಯಾದವರು ಜಗದ್ವಿಖ್ಯಾತ ಪಿಯಾನೋ ವಾದಕರಾದ ಪದರೆವ್‌ಸ್ಕಿಯವರು. ಸಂಗೀತಗಾರನೊಬ್ಬನು ಮಂತ್ರಿಮಂಡಲದ ತಲೆಯಾಗಿ ಶಾಂತಿಸಂಧಾನಕ್ಕೆ ಹೋದ ಉದಾಹರಣೆಯನ್ನು ಬೇರೆ ರಾಷ್ಟ್ರಗಳ ಚರಿತ್ರೆಯಲ್ಲಿ ಹುಡುಕುವುದು ಕಷ್ಟ. ಇಷ್ಟಾದರೂ ಯುದ್ಧಾನಂತರದ ತರುಣರಿಗೆ ಶೋಪಾನನು ಅಳುಬುರುಕನಾಗಿ, ಹೆಂಗಸರ ಬೈಠಕ್ಕಿಗೆ ತಕ್ಕವನಾಗಿ ಕಂಡನು. ಅವರ ಉತ್ಸಾಹವೆಲ್ಲವೂ ಕ್ರೀಡೆಗಳ ಕಡೆಗೆ ಹರಿದಿತ್ತು. ಆಗ ವಾರ್ಸಾದ ಸಂಗೀತಾಧ್ಯಾಪಕರಾದ ಯೆಜಿ ಜುರಾವ್‌ಲೆವ್ ಎಂಬವರಿಗೆ ಒಂದು ಯುಕ್ತಿ ಹೊಳೆಯಿತು. ಓಟದಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬುದರಲ್ಲಿ ಜನಕ್ಕೆ ಇಷ್ಟು ಆಸ್ಥೆಯಿರುವುದಾದರೆ ಸಂಗೀತದಲ್ಲಿಯೂ ಓಟವನ್ನೇ ಏಕೆ ಏರ್ಪಡಿಸಬಾರದು? ಅಧಿಕಾರಿಗಳು ಈ ಯೋಜನೆಗೆ ಮೊದಲು ಕಿವಿಗೊಡಲಿಲ್ಲ. ಬೊಕ್ಕಸದಲ್ಲಿ ಹಣವಿಲ್ಲವೆಂಬ ಉತ್ತರವು ಎಲ್ಲ ದೇಶಗಳಲ್ಲಿಯೂ ಒಂದೇ ಧಾಟಿಯಲ್ಲಿ ಬರುವುದೆಂದು ಕಾಣುತ್ತದೆ. ಸಂಗೀತಪ್ರೇಮಿಯಾದ ವರ್ತಕರೊಬ್ಬರು ಹಣಕ್ಕೆ ಹೊಣೆ ನಿಂತರು. ರಾಷ್ಟ್ರಾಧ್ಯಕ್ಷರಾದ ಮೋಶ್ಚಿಟ್ಸ್ಕಿಯವರು ಆಶ್ರಯವನ್ನಿತ್ತರು. ೧೯೨೭ರ ಜನವರಿಯಲ್ಲಿ ಎಂಟು ದೇಶಗಳ ಇಪ್ಪತ್ತಾರು ಮಂದಿ ವಾದಕರೊಡನೆ ಮೊದಲನೆಯ ಸ್ಪರ್ಧೆಯು ಆರಂಭವಾಯಿತು.

ಇಲ್ಲಿಯೇ ದೈವವು ಒಂದು ವಿನೋದವನ್ನಾಡಿತು. ಪೋಲೆಂಡಿನ ಅಭಿಮಾನದ ಸ್ಥಾಪನೆಗೆಂದು ಹುಟ್ಟಿದ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನವು ಹೋದುದು, ನೂರು ವರ್ಷಗಳಿಗೂ ಮಿಕ್ಕಿ ಪೋಲೆಂಡನ್ನು ಆಳಿದ ರಷ್ಯದಿಂದ ಬಂದ ಹತ್ತೊಂಬತ್ತು ವರ್ಷದ ಲೆವ್ ಒಬೊರಿನನಿಗೆ. ಅದೇ ತಂಡದಲ್ಲಿ ಬಂದಿದ್ದ ಇನ್ನೊಬ್ಬ ತರುಣನು ಹೊಟ್ಟೆಯ ಬೇನೆಯಿಂದ ನರಳುತ್ತಲೇ ನುಡಿಸಿ, ಬಹುಮಾನವಿಲ್ಲದೆ ಕೇವಲ ಗೌರವಪತ್ರವನ್ನು ಪಡೆದು ಹಿಂದಿರುಗಿದನು. ಅವನ ಹೆಸರು ದ್ಮಿತ್ರಿ ಷೊಸ್ತಕೋವಿಚ್. ಇಪ್ಪತ್ತನೆಯ ಶತಮಾನದ ಮಹಾವಾಗ್ಗೇಯಕಾರರಲ್ಲಿ ಒಬ್ಬನೆಂದು ಲೋಕವು ಈತನನ್ನು ಬಳಿಕ ಕೊಂಡಾಡಿತು. ರಷ್ಯನಿಗೆ ಬಹುಮಾನವಿತ್ತುದರಲ್ಲಿ ಪೋಲಿಷ್ ತೀರ್ಪುಗಾರರ ಔದಾರ್ಯವಿದೆ ಎಂದು ಹೇಳುವುದಕ್ಕಿಂತ ನ್ಯಾಯಬುದ್ಧಿಯಿದೆ ಎಂದು ಹೇಳುವುದು ಸರಿ. ಸ್ವಜನಪಕ್ಷಪಾತದಿಂದ ಆರಂಭವಾಗಿದ್ದರೆ ಈ ಸ್ಪರ್ಧೆಯು ಎರಡನೆಯ ಸಲ ಜರುಗುತ್ತಿದ್ದಿತೋ ಇಲ್ಲವೋ.

೧೯೩೨ರ ಎರಡನೆಯ ಸ್ಪರ್ಧೆಯಲ್ಲಿ ಇನ್ನೊಂದು ವಿಚಿತ್ರವು ನಡೆಯಿತು. ಕೀವ್ ನಗರದಲ್ಲಿ ಹುಟ್ಟಿ ದೇಶಾಂತರ ಹೋಗಿದ್ದ ಅಲೆಕ್ಸಾಂಡರ್ ಉನಿನ್‌ಸ್ಕಿ ಎಂಬವನೂ, ಹಂಗೆರಿಯ ಇಮ್ರೆ ಉಂಗಾರ್ ಎಂಬವನೂ ಸರಿಸಮವಾದ ಅಂಕಗಳನ್ನು ಗಳಿಸಿದರು. ಉಂಗಾರನು ಕುರುಡ, ಒಂದೊಂದು ಸ್ವರವನ್ನೂ ಬಾಯಿಪಾಠ ಮಾಡಿಕೊಂಡು ಬಂದವನು. ಏನು ಮಾಡುವುದು? ತೀರ್ಪುಗಾರರು ನಾಣ್ಯವನ್ನು ಚಿಮ್ಮಿದರು! ಉನಿನ್‌ಸ್ಕಿ ಮೊದಲನೆಯವನಾದನು, ಉಂಗಾರನು ಎರಡನೆಯವನಾದನು. ಅಷ್ಟು ದಿನ ಕುಳಿತು ಕೇಳಿ, ಅಂಕಗಳನ್ನು ಕೂಡಿ ಕಳೆದು ಭಾಗಿಸಿದ ವಿದ್ವನ್ಮಂಡಲಿಯು ಕಡೆಗೆ ಒಂದು ಚೂರು ಲೋಹದ ಮೊರೆಹೊಕ್ಕಿತು. ಬಹುಮಾನವನ್ನು ಇಬ್ಬರಿಗೂ ಹಂಚುವುದಕ್ಕೆ ಬರುತ್ತಿರಲಿಲ್ಲವೆ ಎಂದು ನಮಗೆ ತೋರುವುದು. ೧೯೩೭ರಲ್ಲಿ ಜಪಾನಿನಿಂದ ಬಂದಿದ್ದ ಚಿಯೆಕೊ ಹಾರಾ ಎಂಬ ಯುವತಿಗೆ ಬಹುಮಾನವಿಲ್ಲವೆಂದು ತಿಳಿದಾಗ ಸಭಿಕರು ಕೆರಳಿ ಗದ್ದಲವೆಬ್ಬಿಸಿದರು. ಆಕೆಗೊಂದು ವಿಶೇಷ ಬಹುಮಾನವನ್ನು ಏರ್ಪಡಿಸಿ ಅವರನ್ನು ಸಮಾಧಾನಗೊಳಿಸಬೇಕಾಯಿತು. ಜುರಾವ್‌ಲೆವ್ ಮಹಾಶಯರು ಬಯಸಿದ್ದ ಕ್ರೀಡಾಂಗಣದ ಬಿಸಿಯು ಸಂಗೀತಶಾಲೆಗೆ ಬಂದೇ ಬಂದಿತ್ತು.

೧೯೩೯ರ ಸೆಪ್ಟೆಂಬರಿನಲ್ಲಿ ಜರ್ಮನರು ಪೋಲೆಂಡಿನ ಮೇಲೆ ಬಿದ್ದರು. ಬಾಂಬುಗಳು ಬೀಳುತ್ತಿರುವಂತೆಯೇ ವಾರ್ಸಾದ ಆಕಾಶವಾಣಿಯಿಂದ ಸೆಪ್ಟೆಂಬರ್ ೨೩ರಂದು ಸ್ಪಿಲ್ಮಾನ್ ಎಂಬ ವಾದಕನು ಶೋಪಾನನ ಕೃತಿಗಳನ್ನು ನುಡಿಸಿದನು. ಅನಂತರ ಆ ನಿಲಯವು ಮೌನವಾಯಿತು. ಸ್ಪರ್ಧೆಗಳು ಜರುಗುತ್ತಿದ್ದ ಫಿಲ್ಹಾರ್ಮೊನಿಕ್ ಸಂಗೀತಮಂದಿರವು ಅದೇ ತಿಂಗಳಲ್ಲಿ ನೆಲಸಮವಾಯಿತು. ಗೆದ್ದವರು ಶೋಪಾನನ ಸಂಗೀತವನ್ನು ಸಾರ್ವಜನಿಕವಾಗಿ ನುಡಿಸಕೂಡದೆಂದು ನಿಷೇಧಿಸಿದರು. ೧೯೨೬ರಲ್ಲಿ ಉದ್ಯಾನವೊಂದರಲ್ಲಿ ನಿಲ್ಲಿಸಲಾಗಿದ್ದ ಅವನ ಕಂಚಿನ ಪ್ರತಿಮೆಯನ್ನು ೧೯೪೦ರ ಮೇ ೩೧ರಂದು ಸಿಡಿಮದ್ದಿಟ್ಟು ಒಡೆದರು. ಸತ್ತು ತೊಂಬತ್ತು ವರ್ಷಗಳು ಕಳೆದ ಒಬ್ಬ ರೋಗಿಷ್ಠ ಸಂಗೀತಗಾರನಿಗೆ ಅಷ್ಟು ದೊಡ್ಡ ಸೈನ್ಯವು ಅಂಜಿತೆಂದರೆ ಅವನ ಬಲವೆಷ್ಟಿರಬೇಕು! ಜನರು ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಅವನ ಸಂಗೀತವನ್ನು ನುಡಿಸಿಕೊಂಡು ಕೇಳಿದರು. ದೇವಾಲಯದ ಕಂಬದಲ್ಲಿದ್ದ ಹೃದಯವೂ ಯುದ್ಧಕಾಲದಲ್ಲಿ ಅಲ್ಲಿಂದ ಹೊರಕ್ಕೆ ಹೋಗಿದ್ದು, ೧೯೪೫ರ ಅಕ್ಟೋಬರ್ ೧೭ರಂದು, ಎಂದರೆ ಅವನ ಪುಣ್ಯದಿನದಂದೇ, ವಾರ್ಸಾಕ್ಕೆ ಹಿಂದಿರುಗಿತು. ಆಗ ಆ ನಗರದಲ್ಲಿ ಬಹುಭಾಗವು ಇಟ್ಟಿಗೆಯ ರಾಶಿಯಾಗಿತ್ತು.

ಐದು ವರ್ಷಕ್ಕೊಮ್ಮೆಯ ಲೆಕ್ಕದಲ್ಲಿ ೧೯೪೨ರಲ್ಲಿ ಬರಬೇಕಾಗಿದ್ದ ಸ್ಪರ್ಧೆಯು ನಡೆಯಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಶೋಪಾನನ ಶತಾಬ್ದದ ವರ್ಷವಾದ ೧೯೪೯ರಲ್ಲಿ ಅದು ಮರಳಿ ಆರಂಭವಾಯಿತು. ಸಂಗೀತಮಂದಿರವು ಇನ್ನೂ ಎದ್ದಿರಲಿಲ್ಲವಾದುದರಿಂದ ಬೇರೊಂದು ನಾಟಕಶಾಲೆಯಲ್ಲಿ ನಡೆಯಿಸಿದರು. ಪ್ರಥಮ ಬಹುಮಾನವನ್ನು ಪೋಲೆಂಡಿನ ಹಲೀನಾ ಚೆರ್ನಿ-ಸ್ಟೆಫಾನ್‌ಸ್ಕಾ, ಸೋವಿಯೆಟ್ ಒಕ್ಕೂಟದ ಬೆಲ್ಲಾ ದವಿದೋವಿಚ್ ಎಂಬಿಬ್ಬರು ಸ್ತ್ರೀಯರಿಗೆ ಸಮವಾಗಿ ಹಂಚಲಾಯಿತು. ಈ ಸಲ ನಾಣ್ಯವನ್ನು ಚಿಮ್ಮಲಿಲ್ಲ! ಪೋಲೆಂಡು ಆಗ ಮಾಸ್ಕೋದ ನೆರಳಿನಲ್ಲಿದ್ದುದರಿಂದ ಈ ಸಮಪಾಲಿನಲ್ಲಿ ರಾಜಕಾರಣದ ವಾಸನೆಯನ್ನು ಶಂಕಿಸುವವರು ಶಂಕಿಸಬಹುದು. ಇಬ್ಬರೂ ಬಹುಕಾಲ ಘನವಾದ ಕೀರ್ತಿಯಿಂದ ಬಾಳಿದವರೆಂಬುದನ್ನು ಮಾತ್ರ ಮರೆಯಲಾಗದು. ಅದೇ ಕಾಲದಲ್ಲಿ ನಮ್ಮ ಮೈಸೂರಿನ ಮಹಾರಾಜರಾಗಿದ್ದ, ಸ್ವತಃ ಪಿಯಾನೋ ಅಭ್ಯಾಸವಿದ್ದ ಜಯಚಾಮರಾಜೇಂದ್ರ ಒಡೆಯರವರು ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ವಾಗ್ಗೇಯಕಾರನ ಕೃತಿಗಳನ್ನು ಧ್ವನಿಮುದ್ರಿಸಲು ಧನಸಹಾಯ ಮಾಡುತ್ತಿದ್ದರು. ಕೃತಜ್ಞನಾದ ಆತನು ತನ್ನ ಮೂರನೆಯ ಪಿಯಾನೋ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದನು. ದೇವಿಯ ಮೇಲೆ ಕೃತಿಗಳನ್ನು ರಚಿಸಿದ ಅದೇ ಪ್ರಭುವಿಗೆ ಈ ದೂರದ ಸುತ್ತಿಗೆವಾದ್ಯವು ಪರಕೀಯವಾಗಿ ಕಾಣಲಿಲ್ಲ ಎಂಬುದನ್ನು, ಮುಂದೆ ಹೇಳಲಿರುವ ವಿಷಯಕ್ಕೆ ಒದಗುವುದರಿಂದ, ಇಲ್ಲಿ ನೆನೆಯುತ್ತೇವೆ.

ಆ ವಿಷಯವೇನೆಂದರೆ, ಪೋಲಿಷ್ ಒಕ್ಕಲಿಗನ ಕುಣಿತದ ಒತ್ತು ಪೋಲಿಷನಲ್ಲದವನಿಗೆ ದಕ್ಕುವುದೇ ಎಂಬುದು. ರಾಷ್ಟ್ರಾಭಿಮಾನಿಗಳು ಸಾಮಾನ್ಯವಾಗಿ ದಕ್ಕದು ಎನ್ನುವರು. ೧೯೫೫ರಲ್ಲಿ, ಮರಳಿ ಕಟ್ಟಿದ ಸಂಗೀತಮಂದಿರದಲ್ಲಿ ನಡೆದ ಐದನೆಯ ಸ್ಪರ್ಧೆಯಲ್ಲಿ ಮಜೂರ್ಕಗಳನ್ನು ಎಲ್ಲರಿಗಿಂತ ಚೆನ್ನಾಗಿ ನುಡಿಸಿದುದಕ್ಕಾಗಿ ಇರುವ ವಿಶೇಷ ಬಹುಮಾನವು ಚೀನದ ಫೂ ತ್ಸುಂಗನಿಗೆ ಸಂದಿತು. ತೀರ್ಪು ಕೊಟ್ಟವರು ಪೋಲಿಷರೂ ಇದ್ದ ಪಂಡಿತಮಂಡಲಿ, ಕೊಟ್ಟುದು ವಾರ್ಸಾದಲ್ಲಿ.

ಅದಕ್ಕಿಂತ ಮಿಗಿಲಾದುದು ೧೯೮೦ರ ಸಂಗತಿ. ವಿಯೆಟ್ನಾಮಿನ ಹನೋಯಿಯಲ್ಲಿ ೧೯೫೮ರಲ್ಲಿ ಹುಟ್ಟಿದ ಡಾಂಗ್ ಥಾಯ್ ಸಾನ್ ಎಂಬವನ ತಾಯಿ ಪಿಯಾನೋ ಅಧ್ಯಾಪಕಿ. ಅಮೆರಿಕದ ವಿಮಾನಗಳು ನಗರದ ಮೇಲೆ ಬಾಂಬು ಸುರಿಯತೊಡಗಿದಾಗ ಸಂಗೀತಶಾಲೆಯನ್ನು ಹಳ್ಳಿಗಾಡಿಗೆ ಸಾಗಿಸಿದರು. ಪಿಯಾನೋ ಎಮ್ಮೆಯ ಗಾಡಿಯ ಮೇಲೆ ಹೋಯಿತು. ಆ ಬಾಲಕನು ಕಲಿತುದು ಅಂತಹ ವಾದ್ಯದ ಮೇಲೆ. ಅಲ್ಲಿಗೆ ಬಂದಿದ್ದ ರಷ್ಯನ್ ಅಧ್ಯಾಪಕರೊಬ್ಬರ ಕಣ್ಣಿಗೆ ಬಿದ್ದು ಮಾಸ್ಕೋಗೆ ಹೋದನು. ಮೂರು ವರ್ಷಗಳ ತರುವಾಯ ವಾರ್ಸಾಕ್ಕೆ ಬಂದನು. ಅಲ್ಲಿ ಪ್ರಥಮ ಬಹುಮಾನವನ್ನು ಮಾತ್ರವಲ್ಲದೆ ಮಜೂರ್ಕ, ಪೊಲೊನೇಜ್, ಕನ್ಸರ್ಟೊಗಳಿಗೆ ಮೀಸಲಾದ ವಿಶೇಷ ಬಹುಮಾನಗಳನ್ನೂ ಬಾಚಿಕೊಂಡನು. ಏಷ್ಯದವನೊಬ್ಬನು ಗೆದ್ದುದು ಅದೇ ಮೊದಲು. ಆಕ್ರಮಣವನ್ನೂ ಹಾಳುಬಿದ್ದ ನಗರವನ್ನೂ ಕಂಡ ಒಂದು ಜನಾಂಗದ ಸಂಗೀತವು ಅದನ್ನೇ ಕಂಡ ಇನ್ನೊಂದು ಜನಾಂಗದ ಬಾಲಕನಿಗೆ ಅರ್ಥವಾದುದರಲ್ಲಿ ಆಶ್ಚರ್ಯವೇನಿದೆ? ಅನ್ಯರ ಕುಣಿತದ ಒತ್ತು ರಕ್ತದಿಂದ ಬರುವುದಲ್ಲ, ಸಾಧನೆಯಿಂದಲೂ ಅನುಭವದಿಂದಲೂ ಬರುವುದು ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ನಮಗೆ ಬೇಕಾಗಿಲ್ಲ.

ಆದರೆ ಲೋಕವು ಆ ವರ್ಷವನ್ನು ನೆನೆಯುವುದು ಹೆಚ್ಚಾಗಿ ಬೇರೊಂದು ಗದ್ದಲಕ್ಕಾಗಿ. ಯುಗೋಸ್ಲಾವಿಯದಿಂದ ಬಂದಿದ್ದ ಇವೊ ಪೊಗೊರೆಲಿಚ್ ಎಂಬ ತರುಣನು ಯಾವ ಸಂಪ್ರದಾಯಕ್ಕೂ ಕಟ್ಟುಬೀಳದೆ ನುಡಿಸಿದನು. ಅವನನ್ನು ಎರಡನೆಯ ಸುತ್ತಿಗೆ ಬಿಟ್ಟುದಕ್ಕಾಗಿ ಲೂಯಿ ಕೆಂಟ್ನರ್ ಎಂಬ ತೀರ್ಪುಗಾರರು ರಾಜೀನಾಮೆಯಿತ್ತರು. ಅವನನ್ನು ಅಂತಿಮ ಸುತ್ತಿಗೆ ಬಿಡದೆ ಹೋದುದಕ್ಕಾಗಿ, ೧೯೬೫ರಲ್ಲಿ ಇದೇ ಸ್ಪರ್ಧೆಯನ್ನು ಗೆದ್ದಿದ್ದ ಮಾರ್ತಾ ಆರ್ಗೆರಿಚ್ ಅವರು ಆತನು ಅಸಾಧಾರಣ ಪ್ರತಿಭಾವಂತನೆಂದು ಸಾರಿ ರಾಜೀನಾಮೆಯಿತ್ತರು. ಒಬ್ಬನೇ ವಾದಕ, ಒಂದೇ ಪಂಡಿತಮಂಡಲಿ. ಎರಡು ವಿರುದ್ಧ ಕಾರಣಗಳಿಗಾಗಿ ಎರಡು ರಾಜೀನಾಮೆಗಳು! ಸೋತ ಪೊಗೊರೆಲಿಚ್ಚನು ಗೆದ್ದವನಿಗಿಂತ ಬೇಗ ಪ್ರಸಿದ್ಧನಾದನು. ಡಾಂಗ್ ಥಾಯ್ ಸಾನನಿಗೆ ಇದರಿಂದಾದ ಅನ್ಯಾಯವನ್ನು ಯಾರೂ ಅಷ್ಟಾಗಿ ಲೆಕ್ಕಿಸಲಿಲ್ಲ.

ಸ್ಪರ್ಧೆಯ ನಿಬಂಧನೆಗಳು ಸರಳ. ಹದಿನಾರರಿಂದ ಮೂವತ್ತು ವಯಸ್ಸಿನವರಿಗೆ ಪ್ರವೇಶ. ಶೋಪಾನನ ಕೃತಿಗಳ ಹೊರತು ಬೇರೆ ಯಾವುದನ್ನೂ ನುಡಿಸುವಂತಿಲ್ಲ. ಮೂರು ಸುತ್ತುಗಳು ಏಕಾಂಗಿಯಾಗಿ, ಕಡೆಯದು ವಾದ್ಯವೃಂದದೊಡನೆ. ೨೦೨೫ರಲ್ಲಿ ಅರ್ಜಿ ಹಾಕಿದವರು ಆರುನೂರಕ್ಕೂ ಮಿಕ್ಕಿದರು, ಮುಖ್ಯ ಸ್ಪರ್ಧೆಗೆ ಆಯ್ದವರು ಎಂಬತ್ತಕ್ಕೂ ಮಿಕ್ಕಿದರು, ಕಡೆಯ ಸುತ್ತನ್ನು ಮುಟ್ಟಿದವರು ಹನ್ನೊಂದು ಮಂದಿ. ತೀರ್ಪುಗಾರರು ಹದಿನೇಳು ಮಂದಿ. ಅವರ ಮುಖ್ಯಸ್ಥರು ೧೯೭೦ರಲ್ಲಿ ಗೆದ್ದಿದ್ದ ಗ್ಯಾರಿಕ್ ಓಲ್ಸನ್. ಈಗ ಜಗತ್ತಿನ ಯಾವ ಮೂಲೆಯಲ್ಲಿದ್ದವರೂ ಸ್ಪರ್ಧೆಯನ್ನು ಅಂತರ್ಜಾಲದಲ್ಲಿ ಆಗಿಂದಾಗಲೇ ನೋಡಿ ಕೇಳಬಹುದು. ಹಾಗೆ ಕೇಳಿದವರು ತಾವೂ ತೀರ್ಪುಗಾರರಾಗಿ ಜಗಳವಾಡುವುದುಂಟು.

ಅಂಕಗಳ ವಿಷಯದಲ್ಲಿ ಒಂದು ಮಾತು. ಪ್ರತಿಯೊಬ್ಬ ತೀರ್ಪುಗಾರರು ಯಾರಿಗೆ ಎಷ್ಟು ಕೊಟ್ಟರೆಂಬುದನ್ನು ಈ ಸಂಸ್ಥೆಯವರು ಪ್ರಕಟಿಸುತ್ತಾರೆ. ಇದು ನಮಗೆ ಬಹಳ ಮೆಚ್ಚಿಗೆಯಾದ ಪದ್ಧತಿ. ಗುಟ್ಟಿನ ತೀರ್ಪಿಗಿಂತ ಬಯಲಿನ ತಪ್ಪು ಲೇಸು. ೨೦೧೫ರಲ್ಲಿ ಗೆದ್ದ ದಕ್ಷಿಣ ಕೊರಿಯದ ಸಂಗ್-ಜಿನ್ ಚೋ ಎಂಬವನಿಗೆ ಅಂತಿಮ ಸುತ್ತಿನಲ್ಲಿ ಹೆಚ್ಚಿನ ತೀರ್ಪುಗಾರರು ಹತ್ತಕ್ಕೆ ಒಂಬತ್ತನ್ನೋ ಹತ್ತನ್ನೋ ಕೊಟ್ಟಿದ್ದರು. ಫ್ರಾನ್ಸಿನ ಫಿಲಿಪ್ ಆಂತ್ರೆಮೊಂ ಎಂಬ ಹಿರಿಯ ವಾದಕರು ಮಾತ್ರ ಕೊಟ್ಟುದು ಒಂದು! ಒಂದೇ ಸಭೆಯಲ್ಲಿ ಒಂದೇ ವಾದನವನ್ನು ಕೇಳಿದ ಕಿವಿಗಳು ಇವು. ಚೋ ಗೆದ್ದನಾದುದರಿಂದ ಕೆಡುಕಾಗಲಿಲ್ಲ. ಅಂಚಿನಲ್ಲಿ ನಿಂತ ಯಾರಿಗಾದರೂ ಅಂತಹ ಒಂದು ಅಂಕವು ಬಿದ್ದಿದ್ದರೆ ಅವನ ಗತಿಯೇನು? ಸರಾಸರಿಯಿಂದ ಬಹಳ ದೂರ ಸರಿದ ಅಂಕಗಳನ್ನು ತಿದ್ದಿಕೊಳ್ಳುವ ಕ್ರಮವನ್ನು ಸಂಸ್ಥೆಯವರು ಇದಕ್ಕಾಗಿಯೇ ಇಟ್ಟುಕೊಂಡಿದ್ದಾರೆ. ಆದರೆ ಹೀಗೆ ತಿದ್ದುತ್ತ ಹೋದರೆ ಪೊಗೊರೆಲಿಚ್ಚನಂತಹವರ ಪಾಲಿಗೆ ಒದಗುವ ಒಂಟಿ ದನಿಗಳೂ ಅಡಗುವುವು ಎಂಬುದನ್ನು ಅವರು ಲಕ್ಷಿಸಬೇಕು. ಯಾರೂ ದ್ವೇಷಿಸದ ವಾದಕನೇ ಗೆಲ್ಲುವ ಸ್ಪರ್ಧೆಯು ಬೇಗ ನೀರಸವಾದೀತು. ೧೯೯೦ರಲ್ಲಿಯೂ ೧೯೯೫ರಲ್ಲಿಯೂ ಪ್ರಥಮ ಬಹುಮಾನಕ್ಕೆ ಅರ್ಹರು ಯಾರೂ ಇಲ್ಲವೆಂದು ಅದನ್ನು ತಡೆಹಿಡಿದುದೂ ಉಂಟು. ಮೂವತ್ತರೊಳಗಿನ ಬಡಪಾಯಿಗಳಿಂದ ಇನ್ನೇನನ್ನು ಬಯಸಿದ್ದರೋ ತಿಳಿಯದು.

ಇನ್ನೊಂದು ಆಕ್ಷೇಪಣೆಯೂ ಇದೆ. ತೀರ್ಪುಗಾರರಲ್ಲಿ ಅನೇಕರು ಅಧ್ಯಾಪಕರು. ಸ್ಪರ್ಧಿಗಳಲ್ಲಿ ಅನೇಕರು ಅವರ ಶಿಷ್ಯರು. ತನ್ನ ಶಿಷ್ಯನಿಗೆ ಅಂಕ ಕೊಡಕೂಡದೆಂದು ನಿಯಮವುಂಟು. ಕೋವಿಡ್ ಪಿಡುಗಿನಿಂದ ಒಂದು ವರ್ಷ ತಡವಾಗಿ ೨೦೨೧ರಲ್ಲಿ ನಡೆದ ಸ್ಪರ್ಧೆಯನ್ನು ಗೆದ್ದ ಕೆನಡದ ಬ್ರೂಸ್ ಲಿಯು, ೨೦೨೫ರಲ್ಲಿ ಗೆದ್ದ ಎರಿಕ್ ಲೂ, ಈ ಇಬ್ಬರಿಗೂ ಗುರುಗಳಾಗಿದ್ದವರು ಒಬ್ಬರೇ. ಎರಡು ಸಲವೂ ಅವರು ತೀರ್ಪುಗಾರರ ಸಾಲಿನಲ್ಲಿದ್ದರು. ಅವರು ತಮ್ಮ ಶಿಷ್ಯರಿಗೆ ಅಂಕ ಕೊಡದಿದ್ದರೂ ಪಕ್ಕದ ಕುರ್ಚಿಯವರ ಮೇಲೆ ಅವರ ಸನ್ನಿಧಿಯ ಪ್ರಭಾವವಿರದೆ ಎಂದು ಕೆಲವರು ಕೇಳುವುದು ಸಹಜ. ಗುರುವು ಸಭೆಯಿಂದಲೇ ಹೊರಗಿರುವುದು ಲೇಸೆಂದು ನಮ್ಮ ಅಭಿಪ್ರಾಯ. ಆ ಗುರುಗಳು ಯಾರೆಂದರೆ, ಎಮ್ಮೆಯ ಗಾಡಿಯಲ್ಲಿ ಬಂದ ಪಿಯಾನೋ ಮೇಲೆ ಕಲಿತ ಅದೇ ಡಾಂಗ್ ಥಾಯ್ ಸಾನ್.

ಸ್ಪರ್ಧೆಯ ನಡುವೆ ಅಕ್ಟೋಬರ್ ೧೭ರಂದು ಯಾರೂ ನುಡಿಸುವುದಿಲ್ಲ. ಅಂದು ಅಂಕಗಳಿಲ್ಲ, ಪಟ್ಟಿಗಳಿಲ್ಲ. ಆ ಸಂಜೆ ಹೃದಯವಿರುವ ದೇವಾಲಯದಲ್ಲಿ, ಪ್ಯಾರಿಸಿನ ಶವಸಂಸ್ಕಾರದ ದಿನ ಹಾಡಿದಂತೆಯೇ, ಮೊಝಾರ್ಟನ ರೆಕ್ವಿಯಮ್ಮನ್ನು ಹಾಡುತ್ತಾರೆ. ಮರುದಿನದಿಂದ ವಾದ್ಯವೃಂದದೊಡನೆ ಅಂತಿಮ ಸುತ್ತು ಆರಂಭವಾಗುವುದು.